ಚನ್ನಪಟ್ಟಣದ ನಂತರ ಜೆಡಿಎಸ್ ಎಲ್ಲಿಗೆ?

ನವೆಂಬರ್ 23ರ ಶನಿವಾರ ರಾಜ್ಯದ ಮೂರು ವಿಧಾನಸಭಾ ಉಪಚುನಾವಣೆಗಳ ಫಲಿತಾಂಶ ಬಂತು. ಮೂರನ್ನೂ ಕಾಂಗ್ರೆಸ್ ಗೆದ್ದಿದೆ. ಸಂಡೂರಿನಲ್ಲಿ ಇ. ಅನ್ನಪೂರ್ಣ 9,649 ಮತಗಳಿಂದ, ಶಿಗ್ಗಾವಿಯಲ್ಲಿ ಯಾಸಿರ್ ಅಹ್ಮದ್ ಖಾನ್ ಪಠಾಣ್ 13,448 ಮತಗಳಿಂದ, ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್ 25,413 ಮತಗಳಿಂದ ಗೆದ್ದರು. ನಮ್ಮವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಶಿಗ್ಗಾವಿಯ ಸಂತೋಷವೇ ಜಾಸ್ತಿ. ಅದು ಸಹಜ. ಆದರೆ ಒಂದು ಪಕ್ಷದ ಭವಿಷ್ಯದ ಲೆಕ್ಕದಲ್ಲಿ ನೋಡಿದರೆ ದೊಡ್ಡ ಸುದ್ದಿ ಚನ್ನಪಟ್ಟಣದ್ದು. ಅಲ್ಲಿ ಸೋತದ್ದು ನಿಖಿಲ್ ಕುಮಾರಸ್ವಾಮಿ. ಪ್ರಶ್ನೆಗೆ ಬಿದ್ದದ್ದು ದೇವೇಗೌಡರು ಕಟ್ಟಿದ ಜಾತ್ಯತೀತ ಜನತಾದಳ.

ಉಪಚುನಾವಣೆಯನ್ನು ಎಷ್ಟು ನಂಬಬೇಕು?

ಮಗ್ರಿಬ್ ಕಳೆದು ಮಸೀದಿ ಅಂಗಳದಲ್ಲಿ ಕೂತರೆ ಕಾಕಂದಿರ ಒಂದೇ ಮಾತು: "ಜೆಡಿಎಸ್ ಕತೆ ಮುಗೀತು, ಇನ್ನು ಎಲ್ಲಾ ಕಾಂಗ್ರೆಸ್ಸೇ." ಹಾಗೆ ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ನೋಡಬೇಕು.

2017ರ ಏಪ್ರಿಲ್‌ನಲ್ಲಿ ನಂಜನಗೂಡು, ಗುಂಡ್ಲುಪೇಟೆ ಎರಡನ್ನೂ ಕಾಂಗ್ರೆಸ್ ಗೆದ್ದಿತ್ತು. ಮರುವರ್ಷ ಎರಡೂ ಬಿಜೆಪಿಗೆ ಹೋದವು. 2018ರ ನವೆಂಬರ್‌ನಲ್ಲಿ ಕಾಂಗ್ರೆಸ್-ಜೆಡಿಎಸ್ ಒಟ್ಟಾಗಿ ಐದರಲ್ಲಿ ನಾಲ್ಕು ಉಪಚುನಾವಣೆ ಗೆದ್ದು, ಬಳ್ಳಾರಿಯಂಥಾ ಕ್ಷೇತ್ರವನ್ನೂ ಕಿತ್ತುಕೊಂಡವು. ಆರೇ ತಿಂಗಳಲ್ಲಿ ಬಂದ ಲೋಕಸಭಾ ಚುನಾವಣೆಯಲ್ಲಿ ಅದೇ ಮೈತ್ರಿಗೆ ಸಿಕ್ಕಿದ್ದು 28ರಲ್ಲಿ ಎರಡು ಸೀಟು, ಬಿಜೆಪಿಗೆ 25. 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಪೈಕಿ 12 ಬಿಜೆಪಿ ಪಾಲಾದಾಗ "ಕಾಂಗ್ರೆಸ್ ಕತೆ ಮುಗೀತು" ಅಂದವರೂ ಇದ್ದರು. 2023ರಲ್ಲಿ ಅದೇ ಕಾಂಗ್ರೆಸ್ 135 ಸೀಟು ತಂತು.

ಇದಕ್ಕೆ ಕಾರಣವೂ ಇದೆ. ಉಪಚುನಾವಣೆಯಲ್ಲಿ ಸರಕಾರ ಬದಲಾಗುವುದಿಲ್ಲ ಅಂತ ಮತದಾರರಿಗೆ ಗೊತ್ತು. ಆಳುವ ಪಕ್ಷದವನು ಗೆದ್ದರೆ ರಸ್ತೆ, ನೀರು, ಮನೆ ಬರುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಸಚಿವರು ಹೋಬಳಿಗೊಬ್ಬರಂತೆ ಬಂದು ಕೂರುತ್ತಾರೆ. ಹಾಗಾಗಿ ಮುಂದೆ ಯಾರು ಗೆಲ್ಲುತ್ತಾರೆ ಅಂತ ಇದರಿಂದ ಹೇಳಲಿಕ್ಕಾಗದು. ಆದರೆ ಒಂದು ಪಕ್ಷದ ಸ್ವಂತ ಗಂಟಿನಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಚನ್ನಪಟ್ಟಣವನ್ನು ನಾವು ಹೀಗೆ ಓದಬೇಕು.

ಚನ್ನಪಟ್ಟಣದ ಲೆಕ್ಕ

2023ರಲ್ಲಿ ಇಲ್ಲಿ ಕುಮಾರಸ್ವಾಮಿಯವರಿಗೆ 96,592 ಮತ. ಆಗ ಬಿಜೆಪಿಯಲ್ಲಿದ್ದ ಯೋಗೇಶ್ವರ್‌ಗೆ 80,677. ಕಾಂಗ್ರೆಸ್‌ಗೆ ಸಿಕ್ಕಿದ್ದು ಹದಿನೈದು ಸಾವಿರದ ಆಸುಪಾಸು. ಆಮೇಲೆ ಜೆಡಿಎಸ್-ಬಿಜೆಪಿ ಒಂದಾದವು. ಕಾಗದದ ಮೇಲೆ ಕೂಡಿಸಿದರೆ ಮೈತ್ರಿಗೆ 1.77 ಲಕ್ಷ ಮತ ಇರಬೇಕಿತ್ತು. ಈ ಸಲ ನಿಖಿಲ್‌ಗೆ ಬಂದದ್ದು 87,229. ಅಪ್ಪನಿಗೆ ಬಿದ್ದದ್ದಕ್ಕಿಂತಲೂ ಒಂಬತ್ತು ಸಾವಿರ ಕಡಿಮೆ. ಅತ್ತ ಯೋಗೇಶ್ವರ್ ತಮ್ಮ ಹಳೇ ಮತಕ್ಕೆ ಕಾಂಗ್ರೆಸ್‌ನ ಹಳೇ ಮತ ಸೇರಿಸಿ, ಅದರ ಮೇಲೆ ಹದಿನಾರು ಸಾವಿರದಷ್ಟು ಹೆಚ್ಚಿಗೆ ತೆಗೆದುಕೊಂಡು 1,12,642ಕ್ಕೆ ಮುಟ್ಟಿದರು.

ಯೋಗೇಶ್ವರ್ ಊರಿನ ಮನುಷ್ಯ, ಯಾವ ಪಕ್ಷದಲ್ಲಿ ನಿಂತರೂ ಅವರದೇ ಮತ ಇದೆ. 2013ರಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಹತ್ತಿಯೂ ಗೆದ್ದಿದ್ದರು. ಅದು ನಿಜವೇ. ಆದರೆ ಅವರು ಬಿಜೆಪಿ ಬಿಟ್ಟದ್ದು ಯಾಕೆ? ಮೈತ್ರಿಯ ಟಿಕೆಟ್ ಅವರಿಗೆ ಬೇಕಿತ್ತು, ಸೀಟು ಜೆಡಿಎಸ್ ಪಾಲಿನದ್ದಾಗಿತ್ತು. ಜೆಡಿಎಸ್‌ನ ಮುಂದಿನ ಕಷ್ಟ ಪೂರಾ ಈ ಒಂದು ಜಗಳದೊಳಗಿದೆ.

ಲೋಕಸಭೆಗೆ ಮೈತ್ರಿ ಕೆಲಸ ಮಾಡಿತು. 2024ರಲ್ಲಿ ಮೂರು ಕಡೆ ನಿಂತು ಮಂಡ್ಯ, ಕೋಲಾರ ಎರಡನ್ನು ಜೆಡಿಎಸ್ ಗೆದ್ದುಕೊಂಡಿತು. ಚನ್ನಪಟ್ಟಣ ಸೇರಿರುವ ಬೆಂಗಳೂರು ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಬಿಜೆಪಿ ಚಿಹ್ನೆಯಲ್ಲಿ ನಿಂತು ಡಿ.ಕೆ. ಸುರೇಶ್ ಅವರನ್ನು ಸೋಲಿಸಿದರು. ಆದ್ದರಿಂದ ಪಕ್ಷ ಸತ್ತಿದೆ ಅನ್ನುವುದು ತಪ್ಪು. ಆದರೆ ವಿಧಾನಸಭೆಯ ಮಾತು ಬೇರೆ. ಹಳೇ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಬಿಜೆಪಿಗೂ ಒಬ್ಬ ಆಕಾಂಕ್ಷಿ, ದಳಕ್ಕೂ ಒಬ್ಬ ಆಕಾಂಕ್ಷಿ. 2028ರಲ್ಲಿ ಒಬ್ಬನಿಗೆ ಟಿಕೆಟ್ ಕೊಟ್ಟರೆ ಇನ್ನೊಬ್ಬ ಮನೆಯಲ್ಲಿ ಕೂರುವುದಿಲ್ಲ. ಚನ್ನಪಟ್ಟಣದಲ್ಲಿ ಆದದ್ದು ಬೇರೆ ಕಡೆಯೂ ಆಗಬಹುದು.

ಇನ್ನೊಂದು ವಿಷಯ ಕುಟುಂಬದ್ದು. ನಿಖಿಲ್ 2019ರಲ್ಲಿ ಮಂಡ್ಯದಲ್ಲಿ ಸೋತರು, 2023ರಲ್ಲಿ ರಾಮನಗರದಲ್ಲಿ ಕಾಂಗ್ರೆಸ್‌ನ ಇಕ್ಬಾಲ್ ಹುಸೇನ್ ಎದುರು ಸೋತರು, ಈಗ ಚನ್ನಪಟ್ಟಣ. ಮೂರೂ ಗೌಡರ ಮನೆಯ ಅಂಗಳದ ಕ್ಷೇತ್ರಗಳೇ. ಪಕ್ಷದ ಸೀಟುಗಳೂ 2004ರಲ್ಲಿ 58 ಇದ್ದದ್ದು 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ಇಳಿಜಾರು ಚನ್ನಪಟ್ಟಣದಿಂದ ಶುರುವಾದದ್ದಲ್ಲ.

ನಮ್ಮ ಹಳೇ ಸಂಬಂಧ

ಕರಾವಳಿಯಲ್ಲಿ ದಳಕ್ಕೆ ಈಗ ದೊಡ್ಡ ಬಲ ಇಲ್ಲ, ನಮಗೇನು ಅಂತ ಕೇಳಬಹುದು. ಆದರೆ ಈ ಪಕ್ಷದ ಜೊತೆ ನಮ್ಮ ಸಮುದಾಯಕ್ಕೆ ಇದ್ದ ನಂಟನ್ನು ಮರೆಯಲಿಕ್ಕಾಗದು. ಇವತ್ತು ನಮ್ಮ ಮಕ್ಕಳು ಕಾಲೇಜಿನ ಅರ್ಜಿಯಲ್ಲಿ ತುಂಬಿಸುವ "2ಬಿ" ಇದೆಯಲ್ಲ, ಆ ಶೇ.4 ಮೀಸಲಾತಿ ಜಾರಿಗೆ ಬಂದದ್ದು 1995ರಲ್ಲಿ, ದೇವೇಗೌಡರು ಮುಖ್ಯಮಂತ್ರಿ ಆಗಿದ್ದಾಗ. ನಮ್ಮ ಬ್ಯಾರಿ ಸಮುದಾಯದ ಹಿರಿಯರಾದ ಮರ್ಹೂಂ ಬಿ.ಎ. ಮೊಯ್ದಿನ್ ಅವರು ಮಂತ್ರಿಯಾಗಿದ್ದದ್ದೂ ಜನತಾದಳದ ಜೆ.ಎಚ್. ಪಟೇಲ್ ಸಂಪುಟದಲ್ಲಿ. 1999ರಲ್ಲಿ ಜನತಾದಳ ಒಡೆದದ್ದು ಬಿಜೆಪಿಯ ಮೈತ್ರಿಕೂಟ ಸೇರುವ ಪ್ರಶ್ನೆಯ ಮೇಲೆ. ಸೇರುವುದಿಲ್ಲ ಅಂದ ಗೌಡರ ಬಣವೇ ಹೆಸರಿಗೆ "ಜಾತ್ಯತೀತ" ಅಂತ ಸೇರಿಸಿಕೊಂಡದ್ದು. ಈಗ ಸಚಿವರಾಗಿರುವ ಝಮೀರ್ ಅಹ್ಮದ್ ಖಾನ್ ಮೊದಲು ಶಾಸಕರಾದದ್ದೂ 2005ರ ಚಾಮರಾಜಪೇಟೆ ಉಪಚುನಾವಣೆಯಲ್ಲಿ, ದಳದಿಂದಲೇ.

ಆ ನಂಬಿಕೆಗೆ ಮೊದಲ ಪೆಟ್ಟು 2006ರಲ್ಲಿ ಬಿತ್ತು. ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಮುಖ್ಯಮಂತ್ರಿ ಆದರು; 2008ರಲ್ಲಿ ಪಕ್ಷ 28ಕ್ಕೆ ಇಳಿಯಿತು. ಆಮೇಲೆ ಸ್ವಲ್ಪ ಸುಧಾರಿಸಿತ್ತು. 2021ರಲ್ಲಿ ಬಸವಕಲ್ಯಾಣ, ಸಿಂದಗಿ, ಹಾನಗಲ್ ಉಪಚುನಾವಣೆಗಳಿಗೆ ದಳ ಮುಸ್ಲಿಂ ಅಭ್ಯರ್ಥಿಗಳನ್ನು ಹಾಕಿತು. ಮೂವರೂ ಹಿಂದೆ ಬಿದ್ದರು. ಹೆಸರು ನೋಡಿ ಮತ ಹಾಕಲು ಜನ ತಯಾರಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರಕಾರ ನಮ್ಮ 2ಬಿ ಮೀಸಲಾತಿಯನ್ನು ರದ್ದು ಮಾಡಲು ಹೊರಟಿತು, ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ದಳ ಅದೇ ಬಿಜೆಪಿಯ ಕೈ ಹಿಡಿಯಿತು. ಬೇಡ ಅಂದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹೀಂ ಅವರನ್ನು ಹೊರಗೆ ಹಾಕಿತು. ಎರಡು ಕಾಲಲ್ಲಿ ನಿಂತಿದ್ದ ಪಕ್ಷ ಒಂದು ಕಾಲನ್ನು ತಾನೇ ಕಡಿದುಕೊಂಡಂತಾಯ್ತು. ಇನ್ನೊಂದು ಕಾಲಾದ ಒಕ್ಕಲಿಗ ಮತದಲ್ಲಿ ಡಿ.ಕೆ. ಶಿವಕುಮಾರ್ ಈಗ ಪಾಲು ಕೇಳುತ್ತಿದ್ದಾರೆ.

ಬಿಜೆಪಿ ಜೊತೆ ಎಷ್ಟು ದಿನ ಇದ್ದರೂ ದಳ ಹಾಸನ-ಮಂಡ್ಯ ಸೀಮೆಯ ಸಣ್ಣ ಪಾಲುದಾರನಾಗಿ ಉಳಿಯಬಹುದು. ಇಲ್ಲ, ನಿಧಾನಕ್ಕೆ ದೊಡ್ಡಣ್ಣನೊಳಗೆ ಕರಗಬಹುದು. ಒಂಟಿಯಾಗಿ ರಾಜ್ಯ ಆಳುವ ಪಕ್ಷವಾಗಿ ಎದ್ದು ಬರುವ ದಾರಿ ಈ ಫಲಿತಾಂಶದಲ್ಲಿ ನಮಗಂತೂ ಕಾಣುವುದಿಲ್ಲ.

ನಾವು ಖುಷಿ ಪಡಬೇಕಾ?

ಇಲ್ಲಿ ಸ್ವಲ್ಪ ಯೋಚಿಸಬೇಕು. ಕಾಂಗ್ರೆಸ್ ಮೇಲೆ ಸಿಟ್ಟು ಬಂದರೆ ಹೋಗಿ ಕೂರಲಿಕ್ಕೆ ನಮಗೊಂದು ಜಗಲಿ ಅಂತ ದಳ ಇತ್ತು. ಮಂಗಳೂರಿನ ಬಿ.ಎಂ. ಫಾರೂಕ್ ಅವರನ್ನು ಪರಿಷತ್ತಿಗೆ ಕಳಿಸಿದ್ದು ದಳ. 2023ರಲ್ಲಿ ಕಾಂಗ್ರೆಸ್ ಟಿಕೆಟ್ ತಪ್ಪಿದಾಗ ಮೊಯ್ದಿನ್ ಬಾವಾ ಹೋಗಿ ನಿಂತದ್ದೂ ಆ ಪಕ್ಷದಿಂದಲೇ. ಗೆಲ್ಲಲಿಲ್ಲ, ಆದರೆ ಹೋಗಲಿಕ್ಕೆ ಒಂದು ಬಾಗಿಲಾದರೂ ಇತ್ತು. ಆ ಬಾಗಿಲು ಮುಚ್ಚಿದ ಮೇಲೆ "ಇವರು ಎಲ್ಲಿಗೆ ಹೋಗ್ತಾರೆ, ನಮಗೇ ಹಾಕ್ತಾರೆ" ಅಂತ ಕಾಂಗ್ರೆಸ್‌ನವರು ಅಂದುಕೊಂಡರೆ ನಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತದೆ.

ಅದಕ್ಕೆ ಉತ್ತರ ಶಿಗ್ಗಾವಿಯಲ್ಲಿದೆ. ಬಸವರಾಜ ಬೊಮ್ಮಾಯಿ ಸತತ ನಾಲ್ಕು ಸಲ ಗೆದ್ದ ಕ್ಷೇತ್ರ. 2023ರಲ್ಲಿ 64,038 ಮತ ಪಡೆದು ಸೋತಿದ್ದ ಪಠಾಣ್, ವಕ್ಫ್ ಗಲಾಟೆಯನ್ನು ಪ್ರಚಾರದಲ್ಲಿ ಜೋರಾಗಿ ಎಬ್ಬಿಸಿದ ಈ ಹೊತ್ತಿನಲ್ಲೇ 1,00,756 ಮತ ತಂದರು. ಇಷ್ಟು ಮತ ನಮ್ಮವರು ಮಾತ್ರ ಹಾಕಿದರೆ ಬರುವುದಲ್ಲ. ಲಿಂಗಾಯತ, ಕುರುಬ, ದಲಿತ ಮನೆಗಳಿಂದಲೂ ಮತ ಬರಬೇಕು. ಪಕ್ಷದೊಳಗಿನ ಅತೃಪ್ತ ಅಜ್ಜಂಪೀರ್ ಖಾದ್ರಿ ನಾಮಪತ್ರ ವಾಪಸ್ ಪಡೆದದ್ದೂ ದಾರಿ ಸುಗಮ ಮಾಡಿತು. ಅದೇ ಹೊತ್ತಿಗೆ ಚನ್ನಪಟ್ಟಣದ ಪ್ರಚಾರದಲ್ಲಿ ಸಚಿವ ಝಮೀರ್ ಅವರು ಕುಮಾರಸ್ವಾಮಿಯವರ ಮೈಬಣ್ಣ ಎತ್ತಿ ಆಡಿದ ಮಾತು ನಮಗೆ ಶೋಭೆ ತರುವಂಥದ್ದಲ್ಲ. ಗೆದ್ದ ಮೇಲೂ ಅದು ತಪ್ಪೇ.

ಮುಂದೆ ನಮಗೆ ಹತ್ತಿರವಿರುವುದು ಜಿಲ್ಲಾ, ತಾಲೂಕು ಪಂಚಾಯತ್ ಚುನಾವಣೆ. 2021ರಿಂದ ಬಾಕಿ ಬಿದ್ದಿದೆ. ಅದು ಬಂದಾಗ ಮನೆಯ ಎಲ್ಲರ ಹೆಸರು, ಗಲ್ಫಿನಿಂದ ಖಾಯಂ ವಾಪಸ್ ಬಂದವರದ್ದೂ, ಮದುವೆಯಾಗಿ ಬಂದ ಸೊಸೆಯಂದಿರದ್ದೂ, ಪಟ್ಟಿಯಲ್ಲಿದೆಯಾ ಅಂತ ಈಗಲೇ ನೋಡಿಟ್ಟುಕೊಳ್ಳಬೇಕು. ಮತ ಕೇಳಲು ಬಂದವರ ಹತ್ತಿರ ಪಕ್ಷದ ಮಾತು ಬಿಟ್ಟು ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನದ ಲೆಕ್ಕ ಕೇಳಬೇಕು. ದಳದ ಗತಿ ಏನಾಯ್ತು ಅಂತ ನೋಡಿದವರು ನಾವು. ನಮ್ಮನ್ನು ಲೆಕ್ಕಕ್ಕೆ ಹಿಡಿಯದ ಪಕ್ಷಕ್ಕೆ ನಮ್ಮ ಮತ ಎಷ್ಟು ದಿನ ಉಳಿಯುತ್ತದೆ ಅಂತ ಕಾಂಗ್ರೆಸ್ಸೂ ಒಮ್ಮೆ ಚನ್ನಪಟ್ಟಣದ ಕಡೆ ತಿರುಗಿ ನೋಡಲಿ.