ದೊಡ್ಡ ಗುರಿಗೆ ಸಣ್ಣ ಮೊದಲ ಹೆಜ್ಜೆ: ತೆಪ್ಪಕಾಡು ಮತ್ತು ಹರೇಕಳ ಕಲಿಸುವ ಪಾಠ

ಊರಿನ ಯುವಕ ಯುವತಿಯರನ್ನು ಮಾತಾಡಿಸಿದರೆ ಗುರಿಗಳಿಗೇನೂ ಬರವಿಲ್ಲ. ಒಬ್ಬನಿಗೆ ಐಎಎಸ್ ಮಾಡಬೇಕು, ಇನ್ನೊಬ್ಬಳಿಗೆ ಶಾಲೆ ತೆರೆಯಬೇಕು, ಮತ್ತೊಬ್ಬನಿಗೆ ಸಮುದಾಯದ ನಾಯಕನಾಗಬೇಕು. ಆದರೆ ಹೆಚ್ಚಿನವರು ಕಾಯುತ್ತಲೇ ಇರುತ್ತಾರೆ. ವೀಸಾ ಬರಲಿ, ಕೈಯಲ್ಲಿ ನಾಲ್ಕು ಕಾಸು ಆಗಲಿ, ಒಂದು ಹುದ್ದೆ ಸಿಗಲಿ, ಆಮೇಲೆ ನೋಡೋಣ ಎನ್ನುತ್ತಾ ವರ್ಷಗಳು ಕಳೆದುಹೋಗುತ್ತವೆ. ಹೆಸರು ಮಾಡಿದವರ ಬದುಕು ನೋಡಿದರೆ ಲೆಕ್ಕ ಉಲ್ಟಾ ಇದೆ. ಅಲ್ಲಿ ಮೊದಲು ಕೆಲಸ, ಹುದ್ದೆ ಮತ್ತು ಹೆಸರು ಆಮೇಲೆ.

ಮೋಯಾರ್ ದಡದ ಬೆಳ್ಳಿ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವವರು ತೆಪ್ಪಕಾಡಿನಲ್ಲಿ ಮೋಯಾರ್ ನದಿಯನ್ನು ದಾಟುತ್ತಾರೆ. ಅಲ್ಲಿಂದ ಒಂದು ದಾರಿ ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ. ಆ ನದಿ ದಡದಲ್ಲೇ ತಮಿಳುನಾಡು ಅರಣ್ಯ ಇಲಾಖೆಯ ಆನೆ ಶಿಬಿರವಿದೆ. 2017ರಲ್ಲಿ ತಾಯಿಯನ್ನು ಕಳಕೊಂಡ ರಘು ಎಂಬ ಮರಿಯಾನೆ ಈ ಶಿಬಿರಕ್ಕೆ ಬಂತು. ಅದನ್ನು ಸಾಕುವ ಹೊಣೆ ಬಿದ್ದದ್ದು ಕಾಟ್ಟುನಾಯಕನ್ ಬುಡಕಟ್ಟಿನ ಬೊಮ್ಮನ್ ಮತ್ತು ಬೆಳ್ಳಿ ಅವರ ಮೇಲೆ.

ಅವರು ಮಾಡಿದ್ದು ಏನು? ಮರಿಗೆ ಹಾಲು ಕುಡಿಸಿದರು, ಮೀಯಿಸಿದರು, ಗಾಯಕ್ಕೆ ಔಷಧಿ ಹಚ್ಚಿದರು. ನಾಳೆಯೂ ಅದೇ, ನಾಡಿದ್ದೂ ಅದೇ. ಆಮೇಲೆ ಅಮ್ಮು ಎಂಬ ಇನ್ನೊಂದು ಮರಿಯೂ ಅವರ ಕೈಗೆ ಬಂತು. ಇವರ ಬದುಕಿನ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಕಿರು ಸಾಕ್ಷ್ಯಚಿತ್ರಕ್ಕೆ 2023ರ ಮಾರ್ಚ್‌ನಲ್ಲಿ ಆಸ್ಕರ್ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ತಮಿಳುನಾಡು ಸರಕಾರ ಬೆಳ್ಳಿ ಅವರನ್ನು ಕಾವಾಡಿಯಾಗಿ ನೇಮಿಸಿತು. ಆ ರಾಜ್ಯದಲ್ಲಿ ಆ ಕೆಲಸಕ್ಕೆ ನೇಮಕವಾದ ಮೊದಲ ಮಹಿಳೆ ಅವರು. ನೇಮಕದ ಆದೇಶ ಕೈಗೆ ಬರುವ ಎಷ್ಟೋ ಮೊದಲೇ ಅವರು ಆ ಕೆಲಸ ಮಾಡುತ್ತಿದ್ದರು ಎಂಬುದನ್ನು ಗಮನಿಸಬೇಕು.

ಹಾಜಬ್ಬರು ಹತ್ತಿದ ಮೆಟ್ಟಿಲುಗಳು

ನಮ್ಮವರೇ ಆದ ಹರೇಕಳ ಹಾಜಬ್ಬರ ಕಥೆ ಬ್ಯಾರಿಗಳಿಗೆಲ್ಲ ಗೊತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷ್‌ನಲ್ಲಿ ಬೆಲೆ ಕೇಳಿದರು, ಉತ್ತರ ಹೇಳಲಾಗಲಿಲ್ಲ. ಆ ನೋವಿನಿಂದ ಶಾಲೆ ಹುಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನೋವು ಮತ್ತು ಶಾಲೆಯ ನಡುವೆ ಎಷ್ಟು ಮೆಟ್ಟಿಲುಗಳಿದ್ದವು ಎಂಬುದನ್ನು ಯಾರೂ ಎಣಿಸುವುದಿಲ್ಲ. ಹಣ್ಣಿನ ದುಡಿಮೆಯಲ್ಲಿ ಸ್ವಲ್ಪ ಸ್ವಲ್ಪ ಉಳಿಸಿದ್ದು ಒಂದು. ಕಚೇರಿಯಿಂದ ಕಚೇರಿಗೆ ಅಲೆದು ಮಂಜೂರಾತಿ ಪಡೆದದ್ದು ಇನ್ನೊಂದು. ಸ್ವಂತ ಕಟ್ಟಡ ಇಲ್ಲದಾಗ ನ್ಯೂಪಡ್ಪುವಿನ ಮದ್ರಸದಲ್ಲೇ 28 ಮಕ್ಕಳಿಗೆ ತರಗತಿ ಶುರುವಾಯಿತು. ಆಮೇಲೆ ಜಾಗ, ಆಮೇಲೆ ಕಟ್ಟಡ, ಆಮೇಲೆ ಪ್ರೌಢಶಾಲೆ. ಪದ್ಮಶ್ರೀ ಘೋಷಣೆಯಾದದ್ದು 2020ರ ಜನವರಿಯಲ್ಲಿ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಪಡೆಯಲು ಅವರು ಬರಿಗಾಲಲ್ಲೇ ನಡೆದು ಹೋದರು.

ಕಟ್ಟಡ ಆಗಲಿ ಎಂದು ಕಾದಿದ್ದರೆ ಆ 28 ಮಕ್ಕಳ ಓದಿನ ವಯಸ್ಸು ದಾಟಿ ಹೋಗುತ್ತಿತ್ತು.

ಮೊದಲ ಹೆಜ್ಜೆ ಹೇಗಿರಬೇಕು?

ಒಳ್ಳೆಯ ಮೊದಲ ಹೆಜ್ಜೆಗೆ ಮೂರು ಗುರುತುಗಳಿವೆ. ಇದ್ದದ್ದರಲ್ಲೇ ಈ ವಾರ ಶುರು ಮಾಡುವಂತಿರಬೇಕು. ಮತ್ತೆ ಮತ್ತೆ ಮಾಡುವಂತಿರಬೇಕು. ಒಂದು ದಿನ ತಪ್ಪಿದರೆ ಇನ್ನೊಬ್ಬರಿಗೆ ಗೊತ್ತಾಗುವಂತಿರಬೇಕು. ಹಾಲು ಕುಡಿಸದಿದ್ದರೆ ಮರಿಯಾನೆಗೆ ತಕ್ಷಣ ಗೊತ್ತಾಗುತ್ತದಲ್ಲ, ಹಾಗೆ.

ವಿದ್ಯಾರ್ಥಿವೇತನವನ್ನೇ ತಗೊಳ್ಳಿ. ಆದಾಯ ಪ್ರಮಾಣಪತ್ರ ಇಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಕೊನೆಯ ದಿನಾಂಕ ಗೊತ್ತಿಲ್ಲ. ಇಂಥ ಸಣ್ಣ ಕಾರಣಗಳಿಗೆ ಬಡ ಮಕ್ಕಳ ಅರ್ಜಿ ನಿಂತುಹೋಗುತ್ತದೆ. ಮೊಬೈಲ್ ಇರುವ ಒಬ್ಬ ಡಿಗ್ರಿ ವಿದ್ಯಾರ್ಥಿ ವಾರಕ್ಕೆ ಒಂದು ಸಂಜೆ ಅಕ್ಕಪಕ್ಕದ ಎರಡು ಮನೆಯ ಮಕ್ಕಳ ಅರ್ಜಿ ತುಂಬಿಸಿಕೊಟ್ಟರೆ ಸಾಕು. ಮುಂದಿನ ವರ್ಷ ಹತ್ತು ಮನೆಯವರು ಅವನನ್ನು ಹುಡುಕಿಕೊಂಡು ಬರುತ್ತಾರೆ. ಅಷ್ಟು ಹೊತ್ತಿಗೆ ತಾಲೂಕು ಕಚೇರಿಯಲ್ಲಿ ಯಾವ ಕೌಂಟರ್‌ಗೆ ಹೋಗಬೇಕು ಎಂಬುದೂ ಅವನಿಗೆ ಗೊತ್ತಿರುತ್ತದೆ. ಐಎಎಸ್ ಕನಸಿದ್ದರೆ ಆಡಳಿತದ ಮೊದಲ ಪಾಠ ಅದೇ, ನಾಯಕತ್ವದ ಮೊದಲ ಪಾಠವೂ ಅದೇ.

ನಮ್ಮ ಊರುಗಳಲ್ಲಿ ಸಂಘ ಕಟ್ಟಿದ ವಾರದಲ್ಲೇ ಅಧ್ಯಕ್ಷ, ಕಾರ್ಯದರ್ಶಿಗಳ ಫೋಟೊ ಹಾಕಿದ ಫ್ಲೆಕ್ಸ್ ಏಳುತ್ತದೆ. ಮಳೆಗಾಲ ಬರುವಾಗ ಫ್ಲೆಕ್ಸೂ ಇಲ್ಲ, ಸಂಘವೂ ಇಲ್ಲ. ಹೊಣೆಗಿಂತ ಮೊದಲು ಹುದ್ದೆ ಹಂಚಿದರೆ ಆಗುವುದೇ ಹೀಗೆ.

ಹಾಗಂತ ಸಣ್ಣ ಹೆಜ್ಜೆಯಲ್ಲೇ ನಿಂತುಬಿಟ್ಟರೂ ಆಗಲಿಲ್ಲ. ಹಾಜಬ್ಬರು 28 ಮಕ್ಕಳಿಗೆ ತೃಪ್ತಿಪಟ್ಟು ಕೂತಿದ್ದರೆ ಪ್ರೌಢಶಾಲೆ ಬರುತ್ತಿರಲಿಲ್ಲ. ಒಂದು ಕೆಲಸ ಕೈಗೆ ಕೂತ ಮೇಲೆ ಮುಂದಿನದನ್ನು ಕೇಳಬೇಕು, ಬೇರೆಯವರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಮೊದಲು, ಈ ವಾರದ ಆ ಒಂದು ಸಂಜೆ ಯಾವುದು ಎಂದು ನಿಶ್ಚಯಿಸಿಕೊಂಡರೆ ಸಾಕು.