ಬೈಕಿಗೆ ಎಷ್ಟು ಬಗೆಯ ಎಣ್ಣೆ?

ಮನೆಯಲ್ಲಿ ಎಷ್ಟು ಬಗೆಯ ಎಣ್ಣೆಗಳಿವೆ, ಒಮ್ಮೆ ಎಣಿಸಿ ನೋಡಿ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ದೇವರ ದೀಪಕ್ಕೆ ಎಳ್ಳೆಣ್ಣೆ, ಎಣ್ಣೆಸ್ನಾನಕ್ಕೆ ಹರಳೆಣ್ಣೆ. ‘ಎಲ್ಲವೂ ಎಣ್ಣೆಯೇ ತಾನೆ?’ ಎಂದು ಹರಳೆಣ್ಣೆಯಲ್ಲಿ ಬೋಂಡ ಕರಿಯಲು ಹೊರಟರೆ ಅಜ್ಜಿ ಬಿಟ್ಟಾರೆಯೇ? ಅಂಗಳದಲ್ಲಿ ನಿಂತಿರುವ ಬೈಕಿನ ವಿಷಯವೂ ಹೀಗೆಯೇ. ಅದಕ್ಕೂ ಒಂದೊಂದು ಕೆಲಸಕ್ಕೆ ಒಂದೊಂದು ಎಣ್ಣೆ ಬೇಕು. ಅದಲುಬದಲಾದರೆ ಇಲ್ಲಿ ಕೆಡುವುದು ಬೋಂಡವಲ್ಲ, ಕ್ಲಚ್ಚು. ಕೆಲವೊಮ್ಮೆ ಬ್ರೇಕೇ ಕೈಕೊಡಬಹುದು.

ಅಂದ ಹಾಗೆ, ಹರಳೆಣ್ಣೆಗೂ ಇಂಜಿನ್ನಿಗೂ ಹಳೆಯ ನಂಟಿದೆ. ಮೊದಲ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳ ಇಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಇಂಜಿನ್ ಆಯಿಲ್ ತಯಾರಿಸಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎನ್ನುತ್ತಾರಲ್ಲ, ಅದರಿಂದಲೇ ಆ ಆಯಿಲಿಗೆ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಬಂತು.

ತಾತನ ಜಾವಾ, ಇಂದಿನ ಬೈಕು

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳನ್ನು ತಾತಂದಿರು ಮರೆತಿರಲಾರರು. ಅವು ಟೂ ಸ್ಟ್ರೋಕ್ ಬೈಕುಗಳು. ಟ್ಯಾಂಕಿಗೆ ಪೆಟ್ರೋಲ್ ತುಂಬಿಸುವಾಗಲೇ ಆಯಿಲ್ ಕೂಡ ಬೆರೆಸಬೇಕಿತ್ತು. ಆ ಆಯಿಲ್ ಪೆಟ್ರೋಲಿನ ಜೊತೆ ಉರಿದು ಹೊಗೆಯಾಗಿ ಹೊರಹೋಗುತ್ತಿತ್ತು.

ಈಗಿನ ಬೈಕುಗಳು ಫೋರ್ ಸ್ಟ್ರೋಕ್. ಇವುಗಳಲ್ಲಿ ಆಯಿಲ್ ಇಂಜಿನ್ನಿನ ಒಳಗೇ ಸುತ್ತುತ್ತಾ ಪಿಸ್ಟನ್ ಸವೆಯದಂತೆ ಕಾಯುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ, ಕೊಳೆಯನ್ನೂ ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ದಿನ ಕಳೆದಂತೆ ಅದರ ಸತ್ವ ಕುಂದುತ್ತದೆ. ಅದಕ್ಕಾಗಿಯೇ ಆಗಾಗ ಆಯಿಲ್ ಬದಲಾಯಿಸಬೇಕು.

ಡಬ್ಬಿಯ ಮೇಲಿನ ಗುಟ್ಟು

ಆಯಿಲ್ ಡಬ್ಬಿಯ ಮೇಲೆ ‘10ಡಬ್ಲ್ಯು-30’ ಎಂದೋ ‘20ಡಬ್ಲ್ಯು-40’ ಎಂದೋ ಬರೆದಿರುತ್ತದೆ. ಇದು ಆಯಿಲ್ ಎಷ್ಟು ಮಂದ ಎಂಬುದರ ಲೆಕ್ಕ. ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಚಮಚ ಜೇನುತುಪ್ಪವನ್ನು ಫ್ರಿಜ್ಜಿನಲ್ಲಿಡಿ, ಇನ್ನೊಂದು ಚಮಚವನ್ನು ಹೊರಗಿಡಿ. ಅರ್ಧ ಗಂಟೆಯ ನಂತರ ಎರಡನ್ನೂ ತಟ್ಟೆಗೆ ಹಾಕಿ ಓರೆ ಮಾಡಿ. ತಣ್ಣಗಿರುವುದು ನಿಧಾನವಾಗಿ ಹರಿಯುತ್ತದೆ. ಆಯಿಲಿನ ಸ್ವಭಾವವೂ ಇದೇ. ಚಳಿಗೆ ಮಂದವಾಗುತ್ತದೆ, ಬಿಸಿಗೆ ತೆಳುವಾಗುತ್ತದೆ.

ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕೆ ಚಿಕ್ಕದಿದ್ದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಕೊನೆಯ ಅಂಕೆ, ಇಂಜಿನ್ ಕಾದಾಗ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ದೊಡ್ಡ ಅಂಕೆಯೇ ಒಳ್ಳೆಯದು ಎಂದೇನೂ ಇಲ್ಲ. ಬೈಕಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಏನಿದೆಯೋ ಅದೇ ಸರಿ.

ಕಾರಿನ ಆಯಿಲ್ ಬೈಕಿಗೆ ಬೇಡ

ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್ನಿಗೆ ಮಾತ್ರ. ಹೆಚ್ಚಿನ ಬೈಕುಗಳಲ್ಲಿ ಇಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಅದೇ ಆಯಿಲ್. ಕ್ಲಚ್ ಎಂದರೆ ಒಂದಕ್ಕೊಂದು ಒತ್ತಿ ಹಿಡಿದುಕೊಂಡಿರುವ ಬಿಲ್ಲೆಗಳ ಸಾಲು. ಕೆಲವು ಕಾರಿನ ಆಯಿಲ್‌ಗಳಲ್ಲಿ ಮೈಲೇಜಿಗಾಗಿ ಹೆಚ್ಚು ಜಾರುವ ಗುಣದ ಅಂಶ ಸೇರಿಸಿರುತ್ತಾರೆ. ಅದು ಬೈಕಿಗೆ ಬಿದ್ದರೆ ಬಿಲ್ಲೆಗಳ ಹಿಡಿತ ತಪ್ಪಬಹುದು. ಆಗ ಏರಿನಲ್ಲಿ ಇಂಜಿನ್ ಅಬ್ಬರಿಸುತ್ತದೆ, ಬೈಕು ಮಾತ್ರ ತೆವಳುತ್ತದೆ!

ಇದಕ್ಕಾಗಿ ಜಪಾನಿನವರು ‘ಜಾಸೋ’ ಎಂಬ ಗುರುತು ಮಾಡಿದ್ದಾರೆ. ಕ್ಲಚ್ ಆಯಿಲಿನಲ್ಲಿ ಮುಳುಗಿರುವ ಬೈಕುಗಳಿಗೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರುವ ಆಯಿಲ್. ಗೇರ್ ಹಾಕುವ ಕೆಲಸವಿಲ್ಲದ ಸ್ಕೂಟರುಗಳ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ. ಅವುಗಳಿಗೆಂದೇ ‘ಎಂಬಿ’ ಆಯಿಲ್ ಇದೆ. ಅಮ್ಮನ ಸ್ಕೂಟರಿನದು ಮಿಕ್ಕಿದೆ ಎಂದು ಅಪ್ಪನ ಬೈಕಿಗೆ ಸುರಿಯುವ ಹಾಗಿಲ್ಲ.

ಬ್ರೇಕ್ ಆಯಿಲ್ ಎಂದರೆ ಪ್ರಾಣದ ಪ್ರಶ್ನೆ

ಡಿಸ್ಕ್ ಬ್ರೇಕಿಗೆ ಹಾಕುವುದನ್ನು ಬ್ರೇಕ್ ಆಯಿಲ್ ಎಂದು ಕರೆದರೂ ಅದು ಇಂಜಿನ್ ಆಯಿಲಿನ ಜಾತಿಯದಲ್ಲ. ಅಲ್ಲಿಗೆ ಇಂಜಿನ್ ಆಯಿಲ್ ಬಿದ್ದರೆ ಒಳಗಿನ ರಬ್ಬರ್ ಊದಿಕೊಂಡು ಬ್ರೇಕೇ ಹಿಡಿಯದೆ ಹೋಗಬಹುದು. ಯಾವುದು ಬೇಕು ಎಂಬುದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ: ‘ಡಾಟ್ 3’ ಅಥವಾ ‘ಡಾಟ್ 4’. ‘ಡಾಟ್ 5’ ಎಂಬುದು ಸಿಲಿಕೋನಿನದು. ಅಂಕೆ ದೊಡ್ಡದೆಂದು ಅದನ್ನು ಇವುಗಳಿಗೆ ಬೆರೆಸಬಾರದು.

ಡಾಟ್ 3, ಡಾಟ್ 4 ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಹಾಗೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರಿರದಿದ್ದರೂ ಈ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಅದು ಕಾದು ಕುದಿಯಬಹುದು. ಗುಳ್ಳೆ ಎದ್ದರೆ ಬ್ರೇಕ್ ಹಿಡಿಕೆ ಮೆತ್ತಗಾಗಿ, ಒತ್ತಿದರೂ ಬೈಕು ನಿಲ್ಲುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಬೇಕು.

ಇವಲ್ಲದೆ ಮುಂದಿನ ಚಕ್ರದ ಎರಡೂ ಬದಿಯ ಫೋರ್ಕಿಗೆ ಫೋರ್ಕ್ ಆಯಿಲ್, ಕೆಲವು ದೊಡ್ಡ ಬೈಕುಗಳ ಇಂಜಿನ್ ತಣಿಸಲು ಕೂಲೆಂಟ್ ಬೇಕು. ಕೂಲೆಂಟಿಗೆ ಬಣ್ಣ ಚೆಂದ, ರುಚಿ ಸಿಹಿ, ಆದರೆ ಬಹಳಷ್ಟು ಕೂಲೆಂಟ್‌ಗಳು ವಿಷ. ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಸಿಗದಂತೆ ಎತ್ತರದಲ್ಲಿಡಿ.

ನೀವು ಮಾಡಬಹುದಾದ ಕೆಲಸ

ಈ ಭಾನುವಾರ ತಾತನ ಜೊತೆ ಕುಳಿತು ಬೈಕಿನ ಕೈಪಿಡಿ ತೆಗೆಯಿರಿ. ಇಂಜಿನ್ ಆಯಿಲ್ ಯಾವುದು, ಎಷ್ಟು ಬೇಕು, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು, ಬ್ರೇಕಿಗೆ ಯಾವ ಡಾಟ್ ಎಂದು ಒಂದು ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬೈಕಿನ ಕಾಗದಪತ್ರಗಳ ಜೊತೆ ಇಡಿ. ಸರ್ವಿಸಿಗೆ ಬಿಡುವಾಗ ಅಪ್ಪ ಅದನ್ನು ಮೆಕ್ಯಾನಿಕ್‌ಗೆ ತೋರಿಸಲಿ. ತೆಗೆದ ಹಳೆಯ ಆಯಿಲನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯದೆ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೇ ಕೊಡಲು ಹೇಳಿ. ಮಣ್ಣು, ಬಾವಿಯ ನೀರು ಕೆಡುವುದು ತಪ್ಪುತ್ತದೆ.