ಸೂಜಿ ಬಿಟ್ಟು ಲೋಟ ಹಿಡಿದ ಮಕ್ಕಳ ವೈದ್ಯ

ಮಗುವಿಗೆ ವಾಂತಿ ಭೇದಿ ಆರಂಭವಾದೊಡನೆ ನೀರು ಕುಡಿಸುವುದನ್ನೇ ನಿಲ್ಲಿಸುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಕುಡಿಸಿದರೆ ಭೇದಿ ಹೆಚ್ಚೀತೆಂಬ ಭಯವೇ ಇದಕ್ಕೆ ಕಾರಣ. ವಾಸ್ತವವಾಗಿ ಇಂತಹ ಮಗುವಿನ ಪ್ರಾಣಕ್ಕೆ ಮುಖ್ಯವಾಗಿ ಎರವಾಗುವುದು ದೇಹದ ನೀರು ಮತ್ತು ಲವಣಗಳ ನಷ್ಟ. ಅದನ್ನು ಬಾಯಿಯ ಮೂಲಕವೇ ತುಂಬಿಕೊಡಬಹುದೆಂದು ಸಾವಿರಾರು ರೋಗಿಗಳ ನಡುವೆ ನಿಂತು ತೋರಿಸಿದವರು ಬಂಗಾಳದ ಮಕ್ಕಳ ತಜ್ಞ ಡಾ. ದಿಲೀಪ್ ಮಹಾಲನಬೀಸ್.

1934ರಲ್ಲಿ ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಕಿಶೋರ್‌ಗಂಜ್‌ನಲ್ಲಿ ಜನಿಸಿದ ಅವರು ಕೋಲ್ಕತ್ತಾದಲ್ಲಿ ವೈದ್ಯಶಿಕ್ಷಣ ಪಡೆದು, ಇಂಗ್ಲೆಂಡಿನಲ್ಲಿ ಮಕ್ಕಳ ಚಿಕಿತ್ಸೆಯ ತರಬೇತಿ ಮುಗಿಸಿ, ಅರವತ್ತರ ದಶಕದಲ್ಲಿ ಕೋಲ್ಕತ್ತಾದ ಸಂಶೋಧನಾ ಕೇಂದ್ರಕ್ಕೆ ಮರಳಿದರು.

1971ರಲ್ಲಿ ಯುದ್ಧದಿಂದ ಬೆದರಿ ಲಕ್ಷಾಂತರ ಜನ ಗಡಿ ದಾಟಿ ಬಂದರು. ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ವಾಂತಿ ಭೇದಿಯ ನಡುವೆಯೇ ಮಂಡಿಯೂರಿ ಅವರಿಗೆ ಸಲೈನ್ ಏರಿಸಬೇಕು. ಅಷ್ಟರಲ್ಲಿ ಸಲೈನ್ ದಾಸ್ತಾನೇ ಬರಿದಾಗತೊಡಗಿತು. ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸಲು ನಿರ್ಧರಿಸಿದರು. ಕರುಳಿನಲ್ಲಿ ಗ್ಲೂಕೋಸ್ ತನ್ನೊಡನೆ ಉಪ್ಪಿನ ಅಂಶವನ್ನೂ ಒಳಗೆ ಸೆಳೆಯುತ್ತದೆ. ನೀರು ಅದರ ಬೆನ್ನು ಹಿಡಿಯುತ್ತದೆ. ಪ್ರಯೋಗಾಲಯಗಳಿಗೆ ಇದು ಮೊದಲೇ ತಿಳಿದಿತ್ತು. ಆದರೆ ಕುಡಿಸುವ ಕೆಲಸವನ್ನು ತಾಯಂದಿರಿಗೂ ಬಂಧುಗಳಿಗೂ ಒಪ್ಪಿಸುವ ಧೈರ್ಯ ಬೇಕಿತ್ತು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನ ಇರುವುದು ಇಲ್ಲಿಯೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ವೈದ್ಯಲೋಕ ಇದನ್ನು ಕೂಡಲೇ ನಂಬಲಿಲ್ಲ. 1978ರ ಹೊತ್ತಿಗೆ ‘ಲ್ಯಾನ್ಸೆಟ್’ ಪತ್ರಿಕೆಯೇ ಈ ಚಿಕಿತ್ಸೆಯನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಗಳ ಸಾಲಿನಲ್ಲಿರಿಸಿತು. ಮಹಾಲನಬೀಸರು ತಮ್ಮ ಉಳಿತಾಯದ ಒಂದು ಕೋಟಿ ರೂಪಾಯಿಯನ್ನು ಕೋಲ್ಕತ್ತಾದ ಮಕ್ಕಳ ಆಸ್ಪತ್ರೆಗೆ ದಾನವಿತ್ತರು, 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರಣಾನಂತರ.

ಇಂದು ಓಆರ್‌ಎಸ್ ಪೊಟ್ಟಣ ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ದೊರೆಯುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಇಡೀ ಪುಡಿಯನ್ನು ಕರಗಿಸಬೇಕು. ಕಲಸಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚದಿಂದ ನಿಧಾನವಾಗಿ ಮುಂದುವರಿಸಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ವೈದ್ಯರು ಸೂಚಿಸುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಕೊಡಬೇಕು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಂತಹ ಮಗುವಿಗೆ ಸಲೈನ್ ಏರಿಸಬೇಕಾಗಬಹುದು. ದಾರಿಯಲ್ಲಿ ಕುಡಿಯಬಲ್ಲಷ್ಟು ಎಚ್ಚರವಿದ್ದರೆ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ.